ರಾತ್ರಿ ಹೊತ್ತು ಕಾಪರ್ ಟ್ಯಾಂಕಿನ ಗಾಳಿ ನಿಲ್ಲಿಸಬೇಡಿ

ಪಿಸಿಬಿ (ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡ್) ಮಾಡುವವರು, ಅದರಲ್ಲೂ ರಂಧ್ರಗಳ ಒಳಗೆ ತಾಮ್ರ ಕೂರಿಸಲು ಎಲೆಕ್ಟ್ರೋಲೆಸ್ ಕಾಪರ್ ಬಾತ್ (ಕರೆಂಟ್ ಹರಿಸದೆ ರಾಸಾಯನಿಕದಿಂದಲೇ ತಾಮ್ರ ಕೂರಿಸುವ ದ್ರಾವಣ) ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಪೀಣ್ಯದಲ್ಲಿ ನಾನು ಕೆಲಸ ಮಾಡುವ ಕಡೆ ಒಂದು ಟ್ಯಾಂಕ್ ಪೂರ್ತಿ ಹಾಳಾಯಿತು.

ಸಂಜೆ ಲೈನ್ ನಿಲ್ಲಿಸುವಾಗ, ಕರೆಂಟ್ ಉಳಿಯಲಿ ಅಂತ ಮಾಲೀಕರು ಟ್ಯಾಂಕಿಗೆ ಗಾಳಿ ಬಿಡುವ ಬ್ಲೋವರನ್ನೂ ಆಫ್ ಮಾಡಿಸಿದ್ದರು. ಬೆಳಗ್ಗೆ ಮುಚ್ಚಳ ತೆಗೆದರೆ ಕಡು ನೀಲಿ ದ್ರಾವಣ ಕಂದು ಬಗ್ಗಡವಾಗಿತ್ತು. ಒಳಗೆ ಒಂದು ಬೋರ್ಡೂ ಇಲ್ಲ, ಆದರೂ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು. ಪ್ಲಾಸ್ಟಿಕ್ ಪಟ್ಟಿಯಿಂದ ಗೋಡೆ ಕೆರೆದಾಗ ಗುಲಾಬಿ ಬಣ್ಣದ ತಾಮ್ರ ಸುರುಳಿ ಸುರುಳಿಯಾಗಿ ಎದ್ದು ಬಂತು.

ಗಾಳಿ ಬಿಡುವುದು ಸುಮ್ನೆ ಕಲಕುವುದಕ್ಕಲ್ಲ. ಬಾತಿನಲ್ಲಿರುವ ಫಾರ್ಮಾಲ್ಡಿಹೈಡ್ ಕರಗಿದ ತಾಮ್ರವನ್ನು ಲೋಹವಾಗಿ ಕೂರಿಸುವಾಗ ಸ್ವಲ್ಪ ತಾಮ್ರ ಅರ್ಧದಾರಿಯಲ್ಲೇ ನಿಂತು ಕ್ಯುಪ್ರಸ್ ಆಕ್ಸೈಡ್ ಆಗುತ್ತದೆ. ಗಾಳಿಯ ಆಮ್ಲಜನಕ ಇದ್ದರೆ ಅದು ವಾಪಸ್ ಕರಗುತ್ತದೆ. ಇಲ್ಲದಿದ್ದರೆ ಅದರಿಂದ ತಾಮ್ರದ ಸಣ್ಣ ಕಣಗಳು ಹುಟ್ಟುತ್ತವೆ. ಪ್ರತಿ ಕಣದ ಮೇಲೂ ಮತ್ತೆ ತಾಮ್ರ ಕೂರುತ್ತದೆ. ಒಮ್ಮೆ ಶುರುವಾದರೆ ತಡೆಯುವುದು ಬಹಳ ಕಷ್ಟ.

ಕೆಮಿಕಲ್ ಕೊಡುವವರಿಗೆ ಫೋನ್ ಮಾಡಿದರೆ, "ಫಿಲ್ಟರ್ ಮಾಡಿ, ಸ್ಟೆಬಿಲೈಸರ್ ಸ್ವಲ್ಪ ಜಾಸ್ತಿ ಹಾಕಿ, ನಡೆಯುತ್ತೆ ಸಾರ್" ಅಂದರು. ನಡೆಯಲಿಲ್ಲ. ತೀರಾ ಸಣ್ಣ ಕಣ ಫಿಲ್ಟರಿನಲ್ಲಿ ನಿಲ್ಲುವುದಿಲ್ಲ, ಬಾತ್ ಕೆಡದಂತೆ ಹಾಕುವ ಸ್ಟೆಬಿಲೈಸರ್ ಅತಿಯಾದರೆ ತಾಮ್ರ ಕೂರುವುದೇ ನಿಧಾನವಾಗುತ್ತದೆ. ಬೋರ್ಡ್ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ರಂಧ್ರದ ಒಂದು ಕಡೆ ಗಂಟು ಗಂಟು, ಇನ್ನೊಂದು ಕಡೆ ತಾಮ್ರವೇ ಇಲ್ಲ. ಆ ಲಾಟ್ ಅಷ್ಟೂ ಸ್ಕ್ರ್ಯಾಪ್. ಬಗ್ಗಡವಾದ ಬಾತನ್ನು ಉಳಿಸಲು ಹೋಗಬೇಡಿ, ಬೋರ್ಡ್ ಕಳೆದುಕೊಳ್ಳುತ್ತೀರಿ.

ಬ್ಲೋವರನ್ನು ಜನರೇಟರ್ ಲೈನಿಗೆ ಸೇರಿಸಿ. ಬಹಳ ದಿನ ಲೈನ್ ನಿಲ್ಲುವುದಾದರೆ ದ್ರಾವಣ ತಣ್ಣಗಾಗಲಿ, ಕೆಲಸದ ಪಿಎಚ್ 12ರ ಮೇಲಿರುತ್ತದಲ್ವಾ, ಅದನ್ನು ಕೆಮಿಕಲ್ ಡೇಟಾಶೀಟ್ ಹೇಳಿದಷ್ಟು ಇಳಿಸಿಡಿ. ತಾಮ್ರ ಹಿಡಿಯಲೆಂದು ಬೋರ್ಡಿಗೆ ಮೊದಲೇ ಕೊಡುವ ಪೆಲ್ಲೇಡಿಯಂ ಆದ ಮೇಲಿನ ತೊಳೆತದಲ್ಲಿ ಜಿಪುಣತನ ಬೇಡ. ಅದು ಬಾತಿಗೆ ಹೋದರೂ ಇದೇ ಗತಿ.

ಟ್ಯಾಂಕಿನ ಗೋಡೆಗೆ ಹಿಡಿದ ತಾಮ್ರ ತೆಗೆಯಲು ಕೆಲವರು ನೈಟ್ರಿಕ್ ಆಸಿಡ್ ಸುರಿಯುತ್ತಾರೆ. ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಸೋಡಿಯಂ ಪರ್ಸಲ್ಫೇಟ್ ಬಳಸಿ. ಹಳೆ ದ್ರಾವಣವನ್ನು ಮಾಮೂಲಿ ತ್ಯಾಜ್ಯದ ಜೊತೆ ಬೆರೆಸಬೇಡಿ. ಅದರಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ತಾಮ್ರವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಾಮೂಲಿಯಂತೆ ಸುಣ್ಣ ಹಾಕಿದರೂ ತಾಮ್ರ ಸರಿಯಾಗಿ ತಳಕ್ಕೆ ಇಳಿಯುವುದಿಲ್ಲ. ನೋಡಲು ತಿಳಿಯಾದ ನೀರಿನಲ್ಲೇ ಅದು ಮೋರಿ ಸೇರುತ್ತದೆ.