ಸಂಸ್ಥೆ, ಕಾರ್ಖಾನೆ, ಸಿಮ್ಯುಲೇಟರ್: ಲೇತ್ ಕೆಲಸ ಕಲಿತ ಮೂರು ದಾರಿಗಳ ಹೋಲಿಕೆ

ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತ, ಅದಕ್ಕೆ ಟೂಲ್ (ಕತ್ತರಿಸುವ ಉಪಕರಣ) ಒತ್ತಿ ಆಕಾರ ಕೊಡುವ ಯಂತ್ರ. ಅದರ ಕೆಲಸವನ್ನು ನಾನು ಮೂರು ಕಡೆ ಕಲಿತಿದ್ದೇನೆ. ಮೊದಲು ಎರಡು ವರ್ಷ ತರಬೇತಿ ಸಂಸ್ಥೆಯೊಂದರ ಟರ್ನರ್ ವಿಭಾಗದಲ್ಲಿ ಓದಿದೆ. ಅದು ಮುಗಿದ ಮೇಲೆ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದೆ. ಹಲವು ವರ್ಷಗಳ ನಂತರ, ಕೈಯಿಂದ ನಡೆಸುವ ಲೇತ್ ಬಿಟ್ಟು ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಸಿಎನ್‌ಸಿ ಯಂತ್ರಕ್ಕೆ ಹೋಗಬೇಕಾಗಿ ಬಂದಾಗ 12 ವಾರಗಳ ಅಲ್ಪಾವಧಿ ಕೋರ್ಸ್ ಮಾಡಿದೆ, ಅದರ ಬಹುಪಾಲು ಸಿಮ್ಯುಲೇಟರ್ (ಯಂತ್ರವನ್ನು ಪರದೆಯ ಮೇಲೆ ಅನುಕರಿಸುವ ಕಂಪ್ಯೂಟರ್) ಮುಂದೆಯೇ ಕಳೆಯಿತು. ಈಗ ಹೊಸಬರಿಗೆ ಕೆಲಸ ಹೇಳಿಕೊಡುವ ಹೊಣೆ ನನ್ನ ಮೇಲಿದೆ. ಈ ಮೂರರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಅವರೂ ಅವರ ಮನೆಯವರೂ ಕೇಳುತ್ತಿರುತ್ತಾರೆ, ಮತ್ತು ಆ ಪ್ರಶ್ನೆಗೆ ನಿಂತ ಜಾಗದಲ್ಲೇ ಉತ್ತರ ಕೊಟ್ಟಾಗಲೆಲ್ಲ ನನಗೆ ಅರ್ಧ ಮಾತ್ರ ಹೇಳಿದೆನೆಂಬ ಅಸಮಾಧಾನ ಉಳಿದಿದೆ.

ಇಂತಹ ಹೋಲಿಕೆಯಲ್ಲಿ ಸಾಮಾನ್ಯವಾಗಿ ಅವಧಿ, ಖರ್ಚು, ಪ್ರಮಾಣಪತ್ರದ ಬೆಲೆ, ಕೆಲಸ ಸಿಗುವ ಸಾಧ್ಯತೆ ಇವುಗಳನ್ನು ನೋಡುತ್ತಾರೆ. ಅವೆಲ್ಲ ಮುಖ್ಯವೇ. ಆದರೆ ಮೂರನ್ನೂ ದಾಟಿ ಬಂದ ಮೇಲೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ವ್ಯತ್ಯಾಸ ಬೇರೆಯದು: ಕಲಿಯುವವನು ತಪ್ಪು ಮಾಡಿದಾಗ ಅದರ ನಷ್ಟವನ್ನು ಯಾರು ಹೊರುತ್ತಾರೆ? ಏನನ್ನು ಕಲಿಯುತ್ತೇವೆ, ಎಷ್ಟು ಬೇಗ ಕಲಿಯುತ್ತೇವೆ, ಏನನ್ನು ಕಲಿಯದೆಯೇ ಹೊರಬರುತ್ತೇವೆ ಎಂಬುದೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ ಎಂದು ನನ್ನ ನಂಬಿಕೆ.

ಸಂಸ್ಥೆಯಿಂದ ಆರಂಭಿಸುತ್ತೇನೆ. ಅಲ್ಲಿ ಮೊದಲ ಕೆಲವು ವಾರ ನಮ್ಮನ್ನು ಲೇತ್ ಹತ್ತಿರಕ್ಕೂ ಬಿಡಲಿಲ್ಲ. ವೈಸ್‌ನಲ್ಲಿ ಉಕ್ಕಿನ ತುಂಡೊಂದನ್ನು ಕಚ್ಚಿಸಿ, ಅರ ಹಿಡಿದು ಅದರ ಮೇಲ್ಮೈಯನ್ನು ಸಮತಟ್ಟು ಮಾಡಿ, ಪಕ್ಕದ ಮುಖವನ್ನು ಅದಕ್ಕೆ ಲಂಬವಾಗಿ ತರಬೇಕಿತ್ತು. ಟ್ರೈ ಸ್ಕ್ವೇರ್ (ಲಂಬಕೋನ ಪರೀಕ್ಷಿಸುವ ಸಾಧನ) ಇಟ್ಟು ಬೆಳಕಿಗೆ ಹಿಡಿದರೆ ತುಂಡಿನ ಎರಡೂ ಅಂಚುಗಳಲ್ಲಿ ಬೆಳಕಿನ ಗೆರೆ ಕಾಣುತ್ತಿತ್ತು, ನಡುವೆ ಕತ್ತಲು: ಅಂದರೆ ಮಧ್ಯಭಾಗ ಉಬ್ಬಿದೆ, ಅಂಚುಗಳು ಸವೆದಿವೆ. ಗುರುಗಳು ತುಂಡನ್ನು ನೋಡುತ್ತಲೇ ಇರಲಿಲ್ಲ, ನನ್ನ ತೋಳನ್ನು ನೋಡುತ್ತಿದ್ದರು. "ಅರ ಮುಂದಕ್ಕೆ ಹೋಗುವಾಗ ನಿನ್ನ ಮೊಣಕೈ ಇಳಿಯುತ್ತಿದೆ, ನೋಡಿಕೋ," ಎಂದಷ್ಟೇ ಹೇಳಿ ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಹಾಳಾದ ತುಂಡು ಡಬ್ಬಿಗೆ, ಕೈಗೆ ಹೊಸ ತುಂಡು. ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ತಪ್ಪು ಮಾಡಲು ಇಷ್ಟು ಬಿಡುವು ಸಿಕ್ಕ ಕಾಲ ನನ್ನ ವೃತ್ತಿಜೀವನದಲ್ಲಿ ಮತ್ತೆ ಬರಲಿಲ್ಲ, ಮತ್ತು ಇವತ್ತಿಗೂ ನನ್ನ ಕೈ ನೆಟ್ಟಗಿದ್ದರೆ ಅದು ಆ ಬಿಡುವಿನ ಫಲ.

ಕೆಲಸವನ್ನು ಹೀಗೆ ಸಣ್ಣ ಸಣ್ಣ ಅಭ್ಯಾಸಗಳಾಗಿ ಒಡೆದು, ಸುಲಭದಿಂದ ಕಠಿಣದ ಕಡೆಗೆ ಜೋಡಿಸಿ ಕಲಿಸುವ ಕ್ರಮಕ್ಕೆ ಒಂದೂವರೆ ಶತಮಾನದ ಚರಿತ್ರೆಯಿದೆ. ಮಾಸ್ಕೋದ ಇಂಪೀರಿಯಲ್ ತಾಂತ್ರಿಕ ಶಾಲೆಯಲ್ಲಿ ವಿಕ್ಟರ್ ಡೆಲ್ಲಾ ವೋಸ್ 1868ರ ಸುಮಾರಿಗೆ ಇದನ್ನು ರೂಪಿಸಿದರು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅದರ ಮಾದರಿಗಳನ್ನು ಕಂಡ ಅಮೆರಿಕದ ಶಿಕ್ಷಣತಜ್ಞರು ತಮ್ಮ ಶಾಲೆಗಳಿಗೂ ಅದನ್ನು ತಂದರು. ಸ್ವೀಡನ್‌ನ ಒಟ್ಟೊ ಸಾಲೊಮನ್ ಅವರ ಸ್ಲಾಯ್ಡ್ ಪದ್ಧತಿ ಇದಕ್ಕೆ ಎದುರಾಗಿ ನಿಂತಿತು: ವಿದ್ಯಾರ್ಥಿಯು ಬಿಡಿ ಅಭ್ಯಾಸವನ್ನು ಮಾಡುವ ಬದಲು ಬಳಕೆಗೆ ಬರುವ ಒಂದು ಪೂರ್ಣ ವಸ್ತುವನ್ನು ಮಾಡಿ ಮುಗಿಸಬೇಕು ಎಂಬುದು ಅದರ ನಿಲುವು. ನಾನು ಕಲಿತದ್ದು ಮೊದಲನೆಯ ಪದ್ಧತಿಯಲ್ಲಿ, ಅದರ ಕೊರತೆಯನ್ನೂ ಅನುಭವಿಸಿದ್ದೇನೆ. ಎರಡು ವರ್ಷಗಳಲ್ಲಿ ನಾನು ಟೇಪರ್ (ಒಂದು ತುದಿಗೆ ಸಣ್ಣದಾಗುವ ಆಕಾರ) ತಿರುಗಿಸಿದೆ, ಸ್ಕ್ರೂವಿನ ಸುರುಳಿ ಎಳೆ ಕೊರೆದೆ, ಹಿಡಿತಕ್ಕಾಗಿ ಮೇಲ್ಮೈಯನ್ನು ಒರಟಾಗಿಸುವ ನರ್ಲಿಂಗ್ ಮಾಡಿದೆ. ಆದರೆ ನಾನು ಮಾಡಿದ ಒಂದೇ ಒಂದು ತುಂಡೂ ಯಾವ ಯಂತ್ರದೊಳಗೂ ಹೋಗಿ ಕೂರಲಿಲ್ಲ. ಅಳತೆ ಸ್ವಲ್ಪ ತಪ್ಪಿದರೆ ಅಂಕ ಕಡಿಮೆಯಾಗುತ್ತಿತ್ತು, ಬೇರಿಂಗ್ ಸಡಿಲವಾಗುತ್ತಿರಲಿಲ್ಲ.

ಇನ್ನೊಂದು ಕೊರತೆ ವೇಗದ್ದು. ಹೈಸ್ಪೀಡ್ ಸ್ಟೀಲ್ ಟೂಲ್‌ನಿಂದ ಮೆದು ಉಕ್ಕನ್ನು ತಿರುಗಿಸುವಾಗ ಕತ್ತರಿಸುವ ವೇಗ ನಿಮಿಷಕ್ಕೆ ಸುಮಾರು 30 ಮೀಟರ್ ಎಂದು ಕಲಿಸಿದ್ದರು. 25 ಮಿಲಿಮೀಟರ್ ವ್ಯಾಸದ ಸರಳಿಗೆ ಅದು ನಿಮಿಷಕ್ಕೆ ಸುಮಾರು 380 ಸುತ್ತು. ಕಾರ್ಖಾನೆಗೆ ಹೋದ ದಿನ ಅದೇ ವ್ಯಾಸದ ಸರಳು ಹೆಚ್ಚು ಬಿಸಿ ತಾಳುವ ಕಾರ್ಬೈಡ್ ಟೂಲ್ ಎದುರು ನಿಮಿಷಕ್ಕೆ 1900 ಸುತ್ತು ತಿರುಗುತ್ತಿತ್ತು. ಸೂತ್ರ ಒಂದೇ, ಅಂಕಿ ಐದು ಪಟ್ಟು. ಸಂಸ್ಥೆಯಲ್ಲಿ ಲೋಹದ ಸಿಪ್ಪೆ ನೀಲಿಯಾದರೆ ಟೂಲ್ ಸುಡುತ್ತಿದೆ, ಯಂತ್ರ ನಿಲ್ಲಿಸು ಎಂದು ಕಲಿತಿದ್ದೆ. ಇಲ್ಲಿ ನೀಲಿ ಸಿಪ್ಪೆ ಬಂದರೆ ಬಿಸಿಯೆಲ್ಲ ಸಿಪ್ಪೆಯ ಜೊತೆ ಹೋಗುತ್ತಿದೆ, ಕತ್ತರಿಸುವಿಕೆ ಸರಿಯಿದೆ ಎಂದು ಅರ್ಥ. ಸಂಸ್ಥೆ ಕಲಿಸಿದ್ದು ಸುಳ್ಳಾಗಿರಲಿಲ್ಲ. ಹಳೆಯ ಟೂಲ್‌ಗೆ ಅದು ನಿಜ. ಸಂಸ್ಥೆಗಳು ಯಂತ್ರಗಳನ್ನು ಬದಲಿಸುವ ಗತಿಗೂ ಉದ್ಯಮ ಬದಲಿಸುವ ಗತಿಗೂ ಇರುವ ಅಂತರದ ಭಾರ ಹೊರುವವನು ವಿದ್ಯಾರ್ಥಿ ಎಂಬುದು ಬೇಸರದ ಸಂಗತಿ.

ಕಾರ್ಖಾನೆಯಲ್ಲಿ ತಪ್ಪಿನ ನಷ್ಟ ಮಾಲೀಕನದು. ಅದರ ಪರಿಣಾಮ ಎರಡು ಬಗೆಯಾಗಿ ನನ್ನನ್ನು ತಟ್ಟಿತು. ಮೊದಲ ಎರಡು ತಿಂಗಳು ನನಗೆ ಸಿಕ್ಕ ಕೆಲಸವೆಂದರೆ ಸಿಪ್ಪೆ ಗುಡಿಸುವುದು, ತಯಾರಾದ ಜಾಬ್‌ಗಳ (ಯಂತ್ರದಲ್ಲಿ ಮಾಡಿದ ತುಂಡುಗಳ) ಅಂಚಿನ ಬರ್ (ಚೂಪಾದ ಲೋಹದ ಮುಳ್ಳು) ತೆಗೆಯುವುದು, ಪೆಟ್ಟಿಗೆ ಸಾಗಿಸುವುದು. ಒಂದು ಶಿಫ್ಟ್‌ನಲ್ಲಿ ಇಷ್ಟು ಜಾಬ್ ಹೊರಬರಬೇಕೆಂಬ ಗುರಿ ಇರುವಲ್ಲಿ, ಕಲಿಯುವವನ ಕೈಗೆ ಯಂತ್ರ ಕೊಟ್ಟರೆ ಆಗುವ ನಷ್ಟವನ್ನು ತುಂಬಿಕೊಡುವವರು ಯಾರೂ ಇರಲಿಲ್ಲ. ನನ್ನ ಜೊತೆಗೆ ಬಂದ ಇನ್ನೊಬ್ಬ ಅಪ್ರೆಂಟಿಸ್ ವರ್ಷವಿಡೀ ಬರ್ ತೆಗೆಯುವುದರಲ್ಲೇ ಕಳೆದು, ಅದೇ ಪ್ರಮಾಣಪತ್ರ ಪಡೆದು ಹೋದ. ಇದನ್ನು ನೆನೆದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ತರಬೇತಿಯ ಹೆಸರಿನಲ್ಲಿ ಒಬ್ಬ ಯುವಕನ ಒಂದು ವರ್ಷವನ್ನು ಕಡಿಮೆ ಸಂಬಳದ ದುಡಿಮೆಯಾಗಿ ಬಳಸಿಕೊಳ್ಳುವುದು ಅನ್ಯಾಯ, ಬೇರೆ ಮಾತು ಅದಕ್ಕಿಲ್ಲ.

ನನ್ನ ಅದೃಷ್ಟಕ್ಕೆ ಹಿರಿಯ ಆಪರೇಟರ್ ಒಬ್ಬರು ಮೂರನೆಯ ತಿಂಗಳು ನನ್ನನ್ನು ತಮ್ಮ ಯಂತ್ರದ ಪಕ್ಕಕ್ಕೆ ಕರೆದುಕೊಂಡರು. ಕಾರ್ಖಾನೆಯ ಕಲಿಕೆಯ ಎರಡನೆಯ ಮುಖ ಕಂಡದ್ದು ಆಮೇಲೆ. ಒಂದು ಮಧ್ಯಾಹ್ನ ಬೇರಿಂಗ್ ಕೂರುವ ಶಾಫ್ಟ್ ತಿರುಗಿಸುತ್ತಿದ್ದೆ. ಡ್ರಾಯಿಂಗ್‌ನಲ್ಲಿ ವ್ಯಾಸ 25 h7 ಎಂದಿತ್ತು, ಅಂದರೆ 25.000ರಿಂದ 24.979 ಮಿಲಿಮೀಟರ್ ನಡುವೆ ಎಲ್ಲಿ ಬಂದರೂ ಸರಿ. ಜಾಬ್ ಚಕ್‌ನಲ್ಲಿ (ಅದನ್ನು ಹಿಡಿದು ತಿರುಗಿಸುವ ಲೇತ್‌ನ ಭಾಗದಲ್ಲಿ) ಇರುವಾಗಲೇ ಮೈಕ್ರೋಮೀಟರ್ ಹಿಡಿದೆ: 24.985. ಖುಷಿಯಿಂದ ಬಿಚ್ಚಿ ಪಕ್ಕಕ್ಕಿಟ್ಟೆ, ಅದೇ ಸೆಟ್ಟಿಂಗ್‌ನಲ್ಲಿ ಇನ್ನೂ ಹನ್ನೊಂದು ತಿರುಗಿಸಿದೆ. ಸಂಜೆ ತಪಾಸಣೆಯಲ್ಲಿ ಹನ್ನೆರಡೂ 24.973ರ ಸುತ್ತಮುತ್ತ ಬಂದವು. ಹನ್ನೆರಡೂ ಸ್ಕ್ರ್ಯಾಪ್.

ಹಿರಿಯರು ಗದರಲಿಲ್ಲ. "ಬಿಸಿ ಇದ್ದಾಗಲೇ ಅಳೆದೆಯಾ?" ಎಂದು ಕೇಳಿದರು. ಹೌದೆಂದೆ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 11.5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಹಿಗ್ಗುತ್ತದೆ. 25 ಮಿಲಿಮೀಟರ್ ವ್ಯಾಸದ ಜಾಬ್ 40 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಅಳತೆ ಸುಮಾರು 12 ಮೈಕ್ರಾನ್ ಹೆಚ್ಚು ತೋರಿಸುತ್ತದೆ, ಇದ್ದ ಟಾಲರೆನ್ಸ್, ಅಂದರೆ ಅಳತೆ ಹೆಚ್ಚುಕಡಿಮೆಯಾಗಲು ಬಿಟ್ಟ ಅವಕಾಶ, ಬರೀ 21 ಮೈಕ್ರಾನ್. ಎಂಜಿನಿಯರಿಂಗ್ ಅಳತೆಗಳಿಗೆ 20 ಡಿಗ್ರಿ ಸೆಲ್ಸಿಯಸ್ ಎಂಬ ಪ್ರಮಾಣಿತ ಉಷ್ಣತೆಯನ್ನು ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಮನಸ್ಸಿಗೆ ನಾಟಿದ ಸಂಗತಿಯೆಂದರೆ, ಇಷ್ಟೂ ನನ್ನ ನೋಟ್‌ಬುಕ್‌ನಲ್ಲಿತ್ತು. ಹಿಗ್ಗುವಿಕೆಯ ಸೂತ್ರವನ್ನು ಸಂಸ್ಥೆಯ ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ತೆಗೆದುಕೊಂಡಿದ್ದೆ. ಸೂತ್ರವನ್ನು ಹೇಳಿಕೊಟ್ಟವರು ಬಿಸಿ ಜಾಬ್ ಕೈಗೆ ಕೊಟ್ಟಿರಲಿಲ್ಲ, ಬಿಸಿ ಜಾಬ್ ಕೊಟ್ಟವರಿಗೆ ಸೂತ್ರ ಬೇಕಿರಲಿಲ್ಲ.

ಈ ಘಟನೆಯನ್ನು ಇಟ್ಟುಕೊಂಡು ಕಾರ್ಖಾನೆಯೇ ಮೇಲು ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೂತ್ರ ಗೊತ್ತಿದ್ದ ಕಾರಣ ಹಿರಿಯರು ಒಂದು ಪ್ರಶ್ನೆ ಕೇಳಿದ ಕೂಡಲೇ ನನಗೆ ಇಡೀ ಸಂಗತಿ ಹೊಳೆಯಿತು. ಅಲ್ಯೂಮಿನಿಯಂ ಜಾಬ್ ಬಂದಾಗ ಹಿಗ್ಗುವಿಕೆ ಸುಮಾರು ಎರಡು ಪಟ್ಟು ಇರುತ್ತದೆಂದು ಯಾರೂ ಹೇಳದೆಯೇ ಎಚ್ಚರ ವಹಿಸಿದೆ. ಸಂಸ್ಥೆಯ ಮೆಟ್ಟಿಲು ಹತ್ತದೆ ನೇರವಾಗಿ ಕಾರ್ಖಾನೆಯಲ್ಲೇ ಕಲಿತ ಸಹೋದ್ಯೋಗಿಯೊಬ್ಬರು ಉಕ್ಕಿನಲ್ಲಿ ನನಗಿಂತ ಎಷ್ಟೋ ಚುರುಕಾಗಿದ್ದರು, ಆದರೆ ಹೊಸ ಲೋಹ ಬಂದಾಗಲೆಲ್ಲ ಅವರು ಮೊದಲಿನಿಂದ ಕಲಿಯಬೇಕಾಗುತ್ತಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಹನುಷೆಕ್ ಮತ್ತು ಅವರ ಸಹ ಸಂಶೋಧಕರು 11 ದೇಶಗಳ ಮಾಹಿತಿಯನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರ ಹತ್ತಿರದ ಮಾತನ್ನೇ ಹೇಳುತ್ತದೆ: ಸಾಮಾನ್ಯ ಶಿಕ್ಷಣ ಪಡೆದವರಿಗಿಂತ ವೃತ್ತಿಶಿಕ್ಷಣ ಪಡೆದವರಿಗೆ ಚಿಕ್ಕ ವಯಸ್ಸಿನಲ್ಲಿ ಕೆಲಸ ಸಿಗುವ ಅನುಕೂಲ ಹೆಚ್ಚು, ಆದರೆ ವಯಸ್ಸಾದಂತೆ, ತಂತ್ರಜ್ಞಾನ ಬದಲಾದಂತೆ ಆ ಅನುಕೂಲ ಕರಗುತ್ತ ಹೋಗುತ್ತದೆ.

ಅಲ್ಪಾವಧಿ ಕೋರ್ಸ್ ಬಗ್ಗೆ ಹೇಳುವುದು ಅಷ್ಟು ಇಲ್ಲ. ಸಿಮ್ಯುಲೇಟರ್‌ನಲ್ಲಿ ತಪ್ಪಿನ ನಷ್ಟ ಯಾರಿಗೂ ಇಲ್ಲ, ಆದ್ದರಿಂದ ಎಷ್ಟು ಸಲ ಬೇಕಾದರೂ ಮಾಡಬಹುದು. ಶಾಫ್ಟ್ ವ್ಯಾಸ 25.012 ಬಂದಿದೆ, 24.990ಕ್ಕೆ ತರಬೇಕು, ಟೂಲ್ ಆಫ್‌ಸೆಟ್‌ನಲ್ಲಿ (ಟೂಲ್ ನಿಲ್ಲುವ ಜಾಗದ ತಿದ್ದುಪಡಿಯಲ್ಲಿ) ಮೈನಸ್ 0.022 ಕೊಡಬೇಕು: ಇಂತಹ ಲೆಕ್ಕವನ್ನು ಒಂದೇ ಮಧ್ಯಾಹ್ನದಲ್ಲಿ ನಲವತ್ತು ಸಲ ಮಾಡಿ ಕೈಗೆ ಕೂರಿಸಿಕೊಂಡೆ. ನಿಜವಾದ ಯಂತ್ರದ ಮೇಲೆ ಇದಕ್ಕೆ ತಿಂಗಳುಗಳು ಬೇಕಾಗುತ್ತಿದ್ದವು. ಪ್ರೋಗ್ರಾಂ ಓದುವುದು, ಬರೆಯುವುದು, ತಪ್ಪು ಹುಡುಕುವುದು ಇಷ್ಟಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ಆದರೆ ಟೂಲ್ ಹೋಗಿ ಚಕ್‌ಗೆ ಬಡಿದಾಗ ಪರದೆ ಕೆಂಪಾಗುತ್ತದೆ, ರೀಸೆಟ್ ಒತ್ತಿದರೆ ಎಲ್ಲ ಮೊದಲಿನಂತೆ. ಈ ರೀಸೆಟ್ ಅಭ್ಯಾಸವೇ ಅಪಾಯಕಾರಿ. ಜಾಬ್ ಅದುರಲು ಆರಂಭಿಸಿದಾಗ ಬರುವ ಕರ್ಕಶ ಸದ್ದು, ಟೂಲ್ ಮೊಂಡಾದಾಗ ಬದಲಾಗುವ ಸಿಪ್ಪೆಯ ಆಕಾರ, ಇವು ಸಿಮ್ಯುಲೇಟರ್‌ಗೆ ಗೊತ್ತಿಲ್ಲ. ನಮ್ಮ ತಂಡದಲ್ಲಿ ಹತ್ತು ವರ್ಷ ಲೇತ್ ನಡೆಸಿದ್ದವರಿಗೆ ಆ ಕೋರ್ಸ್ ವರದಾನವಾಯಿತು. ಲೋಹವನ್ನೇ ಮುಟ್ಟದೆ ಬಂದವರು ಕೋರ್ಸ್ ಮುಗಿಸಿ ಗುಂಡಿ ಒತ್ತುವ ಕೆಲಸಕ್ಕೆ ಸೇರಿ ಅಲ್ಲೇ ನಿಂತರು. ಮೊದಲ ಕಲಿಕೆಯಾಗಿ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಹಾಗಾದರೆ ಸಂಸ್ಥೆಯೋ ಕಾರ್ಖಾನೆಯೋ? ಅಪ್ರೆಂಟಿಸ್ ವರ್ಷದ ಕೊನೆಯ ನಾಲ್ಕು ತಿಂಗಳು ನನಗೆ ವಾರಕ್ಕೊಂದು ದಿನ ತರಗತಿಗೆ ಹೋಗುವ ಅವಕಾಶ ಸಿಕ್ಕಿತ್ತು, ಮತ್ತು ಮೂರೂ ದಾರಿಗಳಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಆ ನಾಲ್ಕು ತಿಂಗಳಲ್ಲಿ. ಮಂಗಳವಾರ ಎದುರಾದ ತೊಡಕನ್ನು ಶುಕ್ರವಾರ ತರಗತಿಗೆ ಒಯ್ಯುತ್ತಿದ್ದೆ, ಅಲ್ಲಿ ಸಿಕ್ಕ ಕಾರಣವನ್ನು ಸೋಮವಾರ ಯಂತ್ರದ ಮೇಲೆ ಪರೀಕ್ಷಿಸುತ್ತಿದ್ದೆ. ಜರ್ಮನಿಯಲ್ಲಿ ಇದೇ ಇಡೀ ವ್ಯವಸ್ಥೆಯ ಬೆನ್ನೆಲುಬು: 1969ರ ವೃತ್ತಿ ತರಬೇತಿ ಕಾಯ್ದೆಯಡಿ 300ಕ್ಕೂ ಹೆಚ್ಚು ಕಸುಬುಗಳಿಗೆ ತರಬೇತಿಯ ಕ್ರಮ ನಿಗದಿಯಾಗಿದ್ದು, ಅಪ್ರೆಂಟಿಸ್ ವಾರದ ಒಂದೆರಡು ದಿನ ಶಾಲೆಯಲ್ಲಿ, ಉಳಿದ ದಿನ ಉದ್ಯಮದಲ್ಲಿ ಕಳೆಯುತ್ತಾನೆ. ಹೆಚ್ಚಿನ ಕಸುಬುಗಳಿಗೆ ಮೂರು ಅಥವಾ ಮೂರೂವರೆ ವರ್ಷ. ಅಲ್ಲಿ ಕಾಯ್ದೆ ಮಾಡುವ ಮುಖ್ಯ ಕೆಲಸ, ನನ್ನ ಕಣ್ಣಿಗೆ, ತಪ್ಪಿನ ನಷ್ಟವನ್ನು ಹಂಚುವುದು: ಅಪ್ರೆಂಟಿಸ್ ಕಡಿಮೆ ಭತ್ಯೆಗೆ ಒಪ್ಪುತ್ತಾನೆ, ಉದ್ಯಮ ಹಾಳಾಗುವ ಜಾಬ್‌ಗಳನ್ನೂ ಕಲಿಸುವವನ ಸಮಯವನ್ನೂ ಸಹಿಸುತ್ತದೆ, ಸರ್ಕಾರ ಶಾಲೆಯ ಖರ್ಚು ಹೊರುತ್ತದೆ. ಹನುಷೆಕ್ ಅಧ್ಯಯನ ಅಪ್ರೆಂಟಿಸ್ ಪದ್ಧತಿ ಬಲವಾಗಿರುವ ದೇಶಗಳಲ್ಲೇ ವಯಸ್ಸಾದಂತೆ ಕೆಲಸದ ಅನುಕೂಲ ಕರಗುವುದು ಹೆಚ್ಚು ಎಂದು ತೋರಿಸಿದೆಯೆಂಬುದನ್ನು ನಾನು ಮರೆಯುವುದಿಲ್ಲ. ಹಾಗಾಗಿ ತರಗತಿಯ ದಿನದಲ್ಲಿ ಗಣಿತ, ಲೋಹಶಾಸ್ತ್ರ, ಡ್ರಾಯಿಂಗ್ ಇವುಗಳನ್ನು ಕಡಿಮೆ ಮಾಡಿ ಯಂತ್ರದ ಕೈಪಿಡಿಯನ್ನು ಕಲಿಸುವ ಒತ್ತಾಯ ಬಂದರೆ ಅದನ್ನು ವಿರೋಧಿಸಬೇಕೆನ್ನುತ್ತೇನೆ.

ಎರಡೂ ಒಟ್ಟಿಗೆ ಸಿಗದ ಕಡೆ ನಾನು ಸಂಸ್ಥೆಯನ್ನು ಮೊದಲು ಇಡುತ್ತೇನೆ, ಅದರ ಯಂತ್ರಗಳು ಹಳೆಯವಾದರೂ ಸರಿ. ಹಳೆಯ ಯಂತ್ರದಲ್ಲಿ ಕಲಿತ ಕೈ ಹೊಸ ಯಂತ್ರಕ್ಕೆ ಕೆಲವೇ ತಿಂಗಳಲ್ಲಿ ಒಗ್ಗುತ್ತದೆ, ಆದರೆ ಕಾರಣ ಕೇಳುವ ಅಭ್ಯಾಸವನ್ನು ಶಿಫ್ಟ್‌ನ ಗುರಿಯ ನಡುವೆ ಬೆಳೆಸಿಕೊಳ್ಳುವುದು ಬಹಳ ಕಷ್ಟ. ಸಂಸ್ಥೆಯನ್ನು ನೋಡಲು ಹೋದಾಗ ಅಲ್ಲಿನ ಯಂತ್ರಗಳಿಗಿಂತ ಸ್ಕ್ರ್ಯಾಪ್ ಡಬ್ಬಿಯನ್ನು ಗಮನಿಸಿರಿ ಎಂದು ನಾನು ಪೋಷಕರಿಗೆ ಹೇಳುತ್ತೇನೆ. ಡಬ್ಬಿ ತುಂಬಿದ್ದರೆ ಅಲ್ಲಿ ಮಕ್ಕಳು ಲೋಹ ಕತ್ತರಿಸುತ್ತಿದ್ದಾರೆ. ಖಾಲಿಯಾಗಿ ಹೊಳೆಯುತ್ತಿದ್ದರೆ ಯಂತ್ರಗಳು ಬಟ್ಟೆ ಹೊದ್ದು ಕೂತಿವೆ. ಅಪ್ರೆಂಟಿಸ್ ಆಗಿ ಸೇರುವವರು ಕಾರ್ಖಾನೆಯನ್ನು ಎರಡು ಪ್ರಶ್ನೆ ಕೇಳಬೇಕು: ನನಗೆ ಕಲಿಸುವ ಹೊಣೆ ಯಾವ ವ್ಯಕ್ತಿಯ ಮೇಲಿದೆ, ಮತ್ತು ಉತ್ಪಾದನೆ ಹಿಂದೆ ಬಿದ್ದ ವಾರ ನನ್ನ ತರಗತಿಯ ದಿನ ಉಳಿಯುತ್ತದೆಯೇ? ಮೊದಲನೆಯದಕ್ಕೆ ಒಬ್ಬರ ಹೆಸರು ಉತ್ತರವಾಗಿ ಬರಬೇಕು. ಎರಡನೆಯದಕ್ಕೆ ಉತ್ತರ ಹೇಳುವ ಮೊದಲು ಅವರು ಎಷ್ಟು ಹೊತ್ತು ಯೋಚಿಸುತ್ತಾರೆಂಬುದನ್ನೂ ನೋಡಿಕೊಳ್ಳಬೇಕು.