ಹಿತ್ತಲ ಕೊಳಕ್ಕೆ ಟಬ್ಬೋ, ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯೋ, ಸಿಮೆಂಟ್ ತೊಟ್ಟಿಯೋ?

ಮಕ್ಕಳ ಜೊತೆ ಪುಟ್ಟ ಕೊಳ ಮಾಡಿ, ಪಕ್ಕದಲ್ಲೇ ಸೊಪ್ಪು ಬೆಳೆಯೋಕೆ ಯಾವುದು ಸರಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಹಳೇ ಟಬ್ಬೇ ಅಗ್ಗ. ಬಾಡಿಗೆ ಮನೆಯಾದರೆ ಎತ್ತಿಕೊಂಡೂ ಹೋಗಬಹುದು. ಆದರೆ ಬೇಸಿಗೆಯಲ್ಲಿ ನೀರು ಬೇಗ ಕಾಯುತ್ತದೆ. ಸಿಮೆಂಟ್ ತೊಟ್ಟಿಗೆ ದುಡ್ಡು ಜಾಸ್ತಿ, ಬಾಳಿಕೆಯೂ ಜಾಸ್ತಿ. ಹೊಸ ತೊಟ್ಟಿಯ ಸುಣ್ಣದಂಶ ಹೋಗಲು ನೀರು ತುಂಬಿಸಿ ಚೆಲ್ಲುತ್ತಾ ಕೆಲವು ವಾರ ಕಾಯಬೇಕು. ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿ?

ಜೀವಿಗಳ ಮಟ್ಟಿಗೆ ನನ್ನ ಒಲವು ಗುಂಡಿಯ ಕಡೆಗೆ. ಕೃಷಿ ಹೊಂಡಕ್ಕೆ ಹಾಸುವ ದಪ್ಪ ಹಾಳೆ ಸಾಕು. ಕಲ್ಲು ಚುಚ್ಚದ ಹಾಗೆ ಕೆಳಗೆ ಮರಳು, ಹಳೇ ಗೋಣಿ ಹಾಕಿ. ಒಂದು ಬದಿ ಇಳಿಜಾರಾಗಿದ್ದರೆ ಕಪ್ಪೆ ಸಲೀಸಾಗಿ ಹತ್ತಿ ಇಳಿಯುತ್ತದೆ. ಅಂಚಿನ ಒದ್ದೆ ಮಣ್ಣಲ್ಲಿ ಕೆಸು, ಒಂದೆಲಗ ಚೆನ್ನಾಗಿ ಬರುತ್ತವೆ. ಪತ್ರೊಡೆಗೆ ಎಲೆ, ತಂಬುಳಿಗೆ ಸೊಪ್ಪು ಮಕ್ಕಳೇ ಕೊಯ್ದು ತರಬಹುದು. ಟಬ್ಬಿನ ಸುತ್ತ ಆ ಒದ್ದೆ ಅಂಚು ಸಿಗೋದಿಲ್ಲ.

ಸೊಳ್ಳೆ? ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಟಬ್ಬಿನ ನೀರನ್ನು ವಾರಕ್ಕೊಮ್ಮೆ ಬದಲಿಸಿ ಗಿಡಗಳಿಗೆ ಹಾಕಬಹುದು. ಗುಂಡಿ, ತೊಟ್ಟಿಗೆ ಮೀನು ಬೇಕು. ಅವು ಗೊದಮೊಟ್ಟೆಗಳನ್ನೂ ಬಿಡುವುದಿಲ್ಲ, ಅದೇ ತಾಪತ್ರಯ.

ಅಂಬೆಗಾಲಿಡುವ ಮಗು ಇದ್ದರೆ ಕೆಲವೇ ಇಂಚು ನೀರೂ ಅಪಾಯ. ಆಗ ಗಟ್ಟಿ ಜಾಲರಿ ಬಿಗಿದ ಟಬ್ಬೇ ಸಾಕು. ಸ್ವಂತ ಜಾಗ, ಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಗುಂಡಿ ತೋಡಿ, ದೊಡ್ಡವರು ಜೊತೆಗಿರಿ. ಹೆಗ್ಗಣ, ನಾಯಿ ಕಾಟವಿದ್ದರೆ ಹಾಳೆ ಉಳಿಯೋದಿಲ್ಲ, ಸಿಮೆಂಟೇ ಕಟ್ಟಿಸಿ.