ಘಾಟಿ ಇಳಿಯುವ ಕಾರಿನ ಬ್ರೇಕ್ ಕಿರುಚಿದರೆ: ಎಮರಿ ಪೇಪರ್, ಗ್ರೀಸ್, ಹೊಸ ಪ್ಯಾಡ್ ಹೋಲಿಕೆ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ಕಾರಿಗೂ ಹಾಸನದ ಬಿ.ಎಂ. ರಸ್ತೆಯಲ್ಲಷ್ಟೇ ಓಡಾಡುವ ಕಾರಿಗೂ ಬ್ರೇಕ್ ಸದ್ದು ಒಂದೇ ಥರ ಕೇಳಿಸಬಹುದು, ಮದ್ದು ಮಾತ್ರ ಬೇರೆ. ಗ್ಯಾರೇಜಿನಲ್ಲಿ ಎರಡಕ್ಕೂ ಸಿಗುವ ಉತ್ತರ ಸಾಮಾನ್ಯವಾಗಿ ‘ಪ್ಯಾಡ್ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ’. (ಬ್ರೇಕ್ ಒತ್ತಿದಾಗ ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ತುಂಡೇ ಪ್ಯಾಡ್.) ಹಾಕಿಸಿದ ವಾರಕ್ಕೇ ಕೀಂ ಎನ್ನುವ ಸದ್ದು ಮರಳುವುದೂ ಉಂಟು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಸಣ್ಣ ಕಾರಿನಲ್ಲಿ ಎಮರಿ ಪೇಪರ್, ಗ್ರೀಸ್ ಮತ್ತು ಶಿಮ್ (ಪ್ಯಾಡಿನ ಬೆನ್ನಿಗೆ ಕೂರಿಸುವ ತೆಳು ತಗಡು), ಮೂರು ಬಗೆಯ ಪ್ಯಾಡ್ ಎಲ್ಲವನ್ನೂ ಮಾಡಿ ನೋಡಿದ ಮೇಲಿನ ಲೆಕ್ಕ ಇದು.

ಮದ್ದೇ ಬೇಡದ ಸದ್ದುಗಳನ್ನು ಮೊದಲು ಬದಿಗಿಡಿ. ಮಳೆಗಾಲದಲ್ಲಿ ರಾತ್ರಿಯಿಡೀ ಹೊರಗೆ ನಿಂತ ಗಾಡಿಯ ಡಿಸ್ಕ್ ಮೇಲೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು ಕೂತಿರುತ್ತದೆ. ಹೊರಟ ಮೇಲೆ ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗುತ್ತದೆ. ತೋಟದ ಜಲ್ಲಿ ದಾರಿಯಿಂದ ಬಂದ ಮೇಲೆ, ಬ್ರೇಕ್ ಮುಟ್ಟದಿದ್ದರೂ ಕಿರ್ರ್ ಎಂದು ಎಡೆಬಿಡದೆ ಕೊರೆಯುತ್ತಿದ್ದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರುವ ಸಾಧ್ಯತೆಯೇ ಹೆಚ್ಚು. ಹತ್ತಡಿ ರಿವರ್ಸ್ ಹೋಗಿ. ಬೀಳದಿದ್ದರೆ ಚಕ್ರ ಬಿಚ್ಚಿ ತಗಡನ್ನು ತುಸು ಬಾಗಿಸಿ ಉದುರಿಸಿ. ಗರಗರ ಸದ್ದಿಗೆ ಮಾತ್ರ ಹೋಲಿಕೆಯ ಮಾತೇ ಇಲ್ಲ: ಪ್ಯಾಡ್ ಮುಗಿದು ಅದರ ಉಕ್ಕಿನ ಪಟ್ಟಿ ಡಿಸ್ಕನ್ನು ಕೆರೆಯುತ್ತಿದೆ, ಆ ಗಾಡಿಯನ್ನು ಘಾಟಿಗೆ ಇಳಿಸಲೇಬಾರದು. ಓಡುವಾಗ ಸಣ್ಣಗೆ ಕೀಂ ಎಂದು ಬ್ರೇಕ್ ಒತ್ತಿದಾಗ ನಿಲ್ಲುವ ಸದ್ದು ಸಾಮಾನ್ಯವಾಗಿ ಸವಕಳಿ ತೋರಿಸುವ ತಗಡಿನ ನಾಲಿಗೆಯದು. ಪ್ಯಾಡ್ 2-3 ಮಿ.ಮೀ. ಉಳಿದಾಗ ಅದು ಡಿಸ್ಕಿಗೆ ತಾಗುತ್ತದೆ. ಆಗ ಹೊಸ ಪ್ಯಾಡೇ ಬೇಕು.

ನಿಜವಾದ ಪೈಪೋಟಿ ಇರುವುದು, ಪ್ಯಾಡ್ ಇನ್ನೂ 5-6 ಮಿ.ಮೀ. ಇದ್ದೂ ಬ್ರೇಕ್ ಒತ್ತಿದಾಗಲೆಲ್ಲ ಕಿರುಚುವ ಗಾಡಿಯಲ್ಲಿ.

ಅಗ್ಗದ ಉಪಾಯ ಎಮರಿ ಪೇಪರ್. ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಪ್ಯಾಡ್ ಕಾದು ಮುಖ ಗಾಜಿನ ಹಾಗೆ ಹೊಳೆಯುತ್ತದೆ, ಗ್ಲೇಜ್ ಆಗಿದೆ ಎನ್ನುತ್ತಾರಲ್ಲ, ಅದು. 80 ಅಥವಾ 100 ನಂಬರಿನ ಪೇಪರನ್ನು ಸಮತಟ್ಟಾದ ಟೈಲ್ಸ್ ಮೇಲೆ ಹಾಸಿ, ಪ್ಯಾಡನ್ನು ಅದರ ಮೇಲೆ ಹೊಳಪು ಹೋಗುವಷ್ಟೇ ಉಜ್ಜಿ. ಡಿಸ್ಕಿನ ಎರಡೂ ಮುಖಕ್ಕೆ 120 ನಂಬರ್ ಸಾಕು, ಆಮೇಲೆ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಜಿಡ್ಡು ಉಳಿಯುತ್ತದೆ. ಮೂಗಿಗೆ ಮಾಸ್ಕ್ ಇರಲಿ, ದೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಫಲ ಅಂದೇ ಕಾಣುತ್ತದೆ, ಆದರೆ ಬ್ರೇಕ್ ಒತ್ತಿಕೊಂಡೇ ಇಳಿಯುವ ಅಭ್ಯಾಸ ಬಿಡದಿದ್ದರೆ ಒಂದೆರಡು ಘಾಟಿಗೇ ಸದ್ದು ವಾಪಸ್. ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಹಿಡಿ) ಜಾರಾಡುವ ಪಿನ್ ಒಣಗಿದ್ದರಂತೂ ಉಜ್ಜಿದ್ದು ದಂಡ.

ಗ್ರೀಸ್ ಮತ್ತು ಶಿಮ್‌ಗೆ ಕೆಲಸ ಜಾಸ್ತಿ, ಫಲವೂ ಜಾಸ್ತಿ. ಕಿರುಚಾಟ ಎಂದರೆ ಪ್ಯಾಡ್ ಡಿಸ್ಕಿನ ಮೇಲೆ ಅತಿ ವೇಗವಾಗಿ ನಡುಗುವುದು. ಆ ನಡುಕಕ್ಕೆ ತಡೆ ಒಡ್ಡುವುದೇ ಇಲ್ಲಿನ ಕೆಲಸ. ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಕಟ್ಟಿ, ಹೋಸ್ ಮೇಲೆ ಭಾರ ಬೀಳಬಾರದು. ಎರಡೂ ಪಿನ್ ಕೈಯಲ್ಲಿ ಸಲೀಸಾಗಿ ಜಾರಬೇಕು. ಇಲ್ಲದಿದ್ದರೆ ಹಳೇ ಗ್ರೀಸ್ ಒರೆಸಿ ಸಿಲಿಕೋನ್ ಬ್ರೇಕ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಕಚ್ಚಿಕೊಳ್ಳುತ್ತದೆ. ಪ್ಯಾಡಿನ ಎರಡು ಕಿವಿ (ತುದಿಯ ಚಾಚು) ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಿರಿ. ಪ್ಯಾಡ್ ಕೈಯಲ್ಲೇ ಕೂರಬೇಕು, ಸುತ್ತಿಗೆ ಕೇಳಿದರೆ ಎಲ್ಲೋ ಬಿಗಿಯಿದೆ ಎಂದರ್ಥ. ಕಿವಿಗಳಿಗೂ ಬೆನ್ನಿಗೂ ಬಣ್ಣ ಬಳಿದಷ್ಟೇ ತೆಳ್ಳಗೆ ಬ್ರೇಕ್ ಪೇಸ್ಟ್, ಬೆನ್ನ ಮೇಲೆ ಶಿಮ್. ಪ್ಯಾಡಿನ ಮುಖಕ್ಕೆ ಒಂದು ತೊಟ್ಟೂ ತಾಗಕೂಡದು. ಗುಂಡಿಯಲ್ಲಿ ಟಕ್ ಟಕ್ ಎನ್ನುವ ಗಾಡಿಗೆ ಪ್ಯಾಡ್ ಹಿಡಿದಿಡುವ ಹೊಸ ಕ್ಲಿಪ್ಪೂ ಹಾಕಿ. ಪ್ಯಾಡ್ ದಪ್ಪಗಿದ್ದೂ ಕಿರುಚುವ ಗಾಡಿಗೆ ಇದೇ ಗೆದ್ದದ್ದು. ಎಮರಿಯ ನಂತರವೂ ಇದನ್ನು ಮಾಡದೆ ಬಿಡಬಾರದು.

ಹೊಸ ಪ್ಯಾಡೇ ಬೇಕಾದಾಗ ಆಯ್ಕೆ ಮೂರು. ಆರ್ಗ್ಯಾನಿಕ್ (ನಾರು, ರಾಳದಿಂದ ಮಾಡಿದ್ದು) ಮೊದಲ ದಿನದಿಂದಲೂ ಮೌನಿ, ಡಿಸ್ಕನ್ನು ತಿನ್ನುವುದಿಲ್ಲ, ಊರೊಳಗೆ ಸುಖ. ಆದರೆ ಬೇಗ ಸವೆಯುತ್ತದೆ, ಮುಳ್ಳಯ್ಯನಗಿರಿಯಿಂದ ಕೈಮರದವರೆಗಿನ ಇಳಿತದಲ್ಲಿ ಕಾದು ವಾಸನೆ ಬರುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದೂ ಗಾಡಿ ನಿಲ್ಲಲು ತಡಮಾಡುತ್ತದೆ. (ಪೆಡಲೇ ಮೆತ್ತಗಾಗಿ ಕೆಳಗಿಳಿದರೆ ತಪ್ಪು ಪ್ಯಾಡಿನದಲ್ಲ, ಬ್ರೇಕ್ ಆಯಿಲ್ ಕುದ್ದಿರಬಹುದು. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ, ನೀರು ಹೀರಿದ್ದಕ್ಕೆ ಆ ಮಿತಿ 155 ಡಿಗ್ರಿ.) ಸೆಮಿ ಮೆಟಾಲಿಕ್ (ಲೋಹದ ಚೂರು ಬೆರೆತದ್ದು) ಬೆಳಗಿನ ಚಳಿಯಲ್ಲಿ ಮೊದಲ ನಾಲ್ಕು ಬ್ರೇಕಿಗೆ ಗುರ್ ಎನ್ನುತ್ತದೆ, ರಿಮ್ ಕಪ್ಪಾಗಿಸುತ್ತದೆ, ಡಿಸ್ಕನ್ನೂ ಸವೆಸುತ್ತದೆ. ಕಾದ ಮೇಲೆ ಹಿಡಿತ ಬಿಡದಿರುವುದೇ ಅದರ ದೊಡ್ಡ ಗುಣ. ಸೆರಾಮಿಕ್ (ಪಿಂಗಾಣಿ ಬಗೆಯ ನಾರಿನದು) ಸದ್ದಿಲ್ಲದ್ದು, ದೂಳೂ ಕಡಿಮೆ, ಬೆಲೆ ಹೆಚ್ಚು, ತಣ್ಣಗಿರುವಾಗ ಮೊದಲ ಹಿಡಿತ ಸ್ವಲ್ಪ ಮಂದ. ಸಕಲೇಶಪುರದಿಂದ ಶಿರಾಡಿ, ಮೂಡಿಗೆರೆಯಿಂದ ಚಾರ್ಮಾಡಿ ಇಳಿಯುವುದು ವಾರ ವಾರದ ಕೆಲಸವಾಗಿದ್ದರೆ ಬೆಳಗಿನ ಗುರ್ ಸದ್ದನ್ನು ಸಹಿಸಿಕೊಂಡು ಸೆಮಿ ಮೆಟಾಲಿಕ್ ಹಾಕಿ. ಊರೊಳಗೆ ಓಡುವ ಗಾಡಿಗೆ ಸೆರಾಮಿಕ್ ಒಳ್ಳೆಯದು.

ಯಾವುದೇ ಹಾಕಿದರೂ ಎರಡೂ ಮುಂಚಕ್ರಕ್ಕೆ ಒಟ್ಟಿಗೇ ಹಾಕಿ, ಪಳಗಿಸಿ. ಕಡೂರು ರಸ್ತೆಯಂಥ ಕಡೆ, ಹಿಂದೆ ವಾಹನ ಇಲ್ಲದಾಗ 60 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸಿ, ಮತ್ತೆ ಏರಿಸಿ, ಹೀಗೆ 8-10 ಸಲ. ಪೂರ್ತಿ ನಿಲ್ಲಿಸಬೇಡಿ. ಕೊನೆಗೆ ಹತ್ತು ನಿಮಿಷ ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ಆರಿಸಿ. ‘ಹೊಸ ಪ್ಯಾಡೂ ಕಿರುಚುತ್ತೆ’ ಎಂಬ ದೂರಿಗೆ ಈ ಹಂತ ತಪ್ಪಿಸಿದ್ದು ದೊಡ್ಡ ಕಾರಣ.

ಡಿಸ್ಕ್ ಗೀರುಬಿದ್ದಿದ್ದರೆ ಲೇತಿಗೆ ಕೊಡುವುದೋ ಹೊಸದೋ? ಡಿಸ್ಕ್ ಮೇಲೆ ಕೊರೆದಿರುವ ಕನಿಷ್ಠ ದಪ್ಪ ನೋಡಿ. ಲೇತ್ ಆದ ಮೇಲೆ ಅದಕ್ಕಿಂತ ಕಡಿಮೆಯಾಗುವಂತಿದ್ದರೆ ಹೊಸದೇ ಸರಿ. ಹಿಂದಿನ ಡ್ರಮ್ಮಿನ ಕೀರಲಿಗೆ ದೂಳು ತೆಗೆದು, ಶೂ (ಡ್ರಮ್ಮಿನೊಳಗೆ ಒತ್ತುವ ಬ್ರೇಕ್ ಪಟ್ಟಿ) ಹಿಂದಿನ ತಗಡಿಗೆ ಒರೆಯುವ ಜಾಗಗಳಿಗೆ ಬ್ರೇಕ್ ಗ್ರೀಸ್ ತೋರಿಸಿದರೆ ಬಹುತೇಕ ಸಾಕು.

ಹೊಸ ಪ್ಯಾಡ್ ಕೂರಿಸಲು ಕ್ಯಾಲಿಪರಿನೊಳಗಿನ ಪಿಸ್ಟನ್ (ಪ್ಯಾಡನ್ನು ತಳ್ಳುವ ಗುಂಡು) ಹಿಂದಕ್ಕೆ ಒತ್ತುವಾಗ ಆಯಿಲ್ ಡಬ್ಬಿ ತುಂಬಿ ಚೆಲ್ಲೀತು, ನೋಡಿಕೊಳ್ಳಿ. ಎಲ್ಲ ಕಟ್ಟಿದ ಮೇಲೆ, ಗಾಡಿ ಅಲುಗಿಸುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಮರೆತರೆ ಮೊದಲ ಬ್ರೇಕಿಗೆ ಪೆಡಲ್ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.